ಸ್ವಂತ ಹಲ್ಲಿನ ಸೆಟ್ಟು

ನಮ್ಮ ಮನೆಯವರು ತಮ್ಮ ಇಪ್ಪತ್ತಾರು ಗಟ್ಟಿ ಹಲ್ಲುಗಳನ್ನು ಕೀಳಿಸಿಕೊಂಡದ್ದು ೧೯೭೪ರಲ್ಲಿ. ಒಂದೂ ನೋಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ಪಾಪ, ಹುಳುಕಾಗಿದ್ದವೇನೋ ಅನ್ನುತ್ತಾರೆ. ಹುಳುಕು ಹಲ್ಲಿಗಿರಲಿಲ್ಲ, ತಲೆಗಿತ್ತು.

ಬಿಜಾಪುರ ಜಿಲ್ಲೆಯ ನಮ್ಮ ಇಂಡಿ ಊರಿನ ಪೇಟೆಗೆ ಆಗ ಹಲ್ಲಿನ ಸೆಟ್ಟಿನ ಹುಚ್ಚು ಹಿಡಿದಿತ್ತು. ಹಚ್ಚಿದವರು ಸಿಂದಗಿಯ ಬಸಂತರಾಯರು. ಅವರು ನಮ್ಮ ಮನೆಯವರ ಹಳೆಯ ಸ್ನೇಹಿತರು, ಶೇಂಗಾ ವ್ಯಾಪಾರಿ. ತಂಬಾಕು ತಿಂದು ತಿಂದು ಅವರ ಹಲ್ಲು ನಿಜಕ್ಕೂ ಹೋಗಿದ್ದವು. ಸೊಲ್ಲಾಪುರಕ್ಕೆ ಹೋಗಿ ಮೇಲೊಂದು ಕೆಳಗೊಂದು ಸಾಲು ಮಾಡಿಸಿಕೊಂಡು ಬಂದರು. ನಮ್ಮ ಅಂಗಡಿಯ ಮುಂದೆ ಜೀಪಿನಿಂದ ಇಳಿದವರೇ ಬಾಯಿ ತುಂಬ ನಕ್ಕರು. ಬಿಳಿ ಅಂದರೆ ಬಿಳಿ, ಆಗಷ್ಟೇ ಸುಣ್ಣ ಬಳಿದ ಗೋಡೆ. ಕಾಳುಕಡಿ ಕೊಂಡು ಮಾರುವ ಅಡತಿ ಅಂಗಡಿಗಳ ಸಾಲಿನಲ್ಲಿ ಅವತ್ತು ಯಾರಿಗೂ ವ್ಯಾಪಾರದ ಮೇಲೆ ಮನಸ್ಸು ನಿಲ್ಲಲಿಲ್ಲ.

ಕೈಗಡಿಯಾರ ಯಾರಾದರೂ ಕಟ್ಟಿಕೊಳ್ಳಬಹುದು. ರೇಡಿಯೋ ಆಗಲೇ ಚಹಾದ ಅಂಗಡಿಗೂ ಬಂದಿತ್ತು. ಸೆಟ್ಟು ಹಾಗಲ್ಲ, ಬಾಯಿ ತೆರೆದರೆ ಸಾಕು, ಮನುಷ್ಯ ಎಷ್ಟರವನು ಎಂದು ಎದುರಿನವನಿಗೆ ತಿಳಿಯುತ್ತಿತ್ತು. ವರ್ಷ ಕಳೆಯುವುದರೊಳಗೆ ನಮ್ಮ ಊರಿನ ನಾಲ್ವರು ವರ್ತಕರು ಸೊಲ್ಲಾಪುರ ಮಾಡಿ ಬಂದರು. ನಮ್ಮ ಮನೆಯವರು, ಹೆಸರು ಶ್ರೀಶೈಲಪ್ಪ, ವರ್ತಕರ ಸಂಘದ ಕಾರ್ಯದರ್ಶಿ. ಸಂಘದ ಸಭೆಯಿಂದ ಬಂದ ಒಂದು ದಿನ ಊಟಕ್ಕೇ ಕೂರಲಿಲ್ಲ.

"ಎಲ್ಲಾರೂ ಸೆಟ್ಟು ಹಾಕ್ಕೊಂಡು ಕುಂತಿರ್ತಾರ. ನಾ ಒಬ್ಬಾಂವ ಹುಟ್ಟಿದ ಹಲ್ಲು ಇಟ್ಕೊಂಡು ಹೆಂಗ ಕುಂಡ್ರಲಿ?" ಅಂದರು.

ಸೆಟ್ಟು ಕೂರಬೇಕಾದರೆ ಬಾಯಿ ಖಾಲಿಯಾಗಬೇಕು. ಖಾಲಿ ಮಾಡುವ ಕೆಲಸ ಝಳಕಿಯ ಬಾಬುಲಾಲನದು. ಹೆದ್ದಾರಿಯ ಪಕ್ಕ ತಗಡಿನ ಶೆಡ್ಡು, ಒಂದು ಕಟ್ಟಿಗೆ ಕುರ್ಚಿ, ಒಂದು ಇಕ್ಕಳ. ಮೇಜಿನ ಮೇಲೆ ಐದು ಸೇರು ಹಿಡಿಯುವ ಗಾಜಿನ ಭರಣಿ, ಅದರ ಕಂಠದವರೆಗೆ ಲಾರಿ ಡ್ರೈವರುಗಳ ಹಲ್ಲು. ಡಾಕ್ಟರುಗಳು ಗೋಡೆಗೆ ಸರ್ಟಿಫಿಕೇಟು ತೂಗುಹಾಕುತ್ತಾರೆ, ಬಾಬುಲಾಲನ ಸರ್ಟಿಫಿಕೇಟು ಆ ಭರಣಿ. ಕೂತವನ ತಲೆಯನ್ನು ಕಂಕುಳಲ್ಲಿ ಹಿಡಿದು ಅವನು ಕಿತ್ತರೆ ಮುಗಿಯಿತು, ಕೂಗಲು ಬಾಯಿ ತೆರೆಯುವುದರೊಳಗೆ ಹಲ್ಲು ಹೊರಗೆ. ಆರು ವಾರ ಹೋಗಿಬಂದು ಇವರು ತಮ್ಮ ಬಾಯಿ ಖಾಲಿ ಮಾಡಿಸಿಕೊಂಡರು. ಕಿತ್ತ ಹಲ್ಲನ್ನು ಮಾತ್ರ ಭರಣಿಗೆ ಹಾಕಗೊಡಲಿಲ್ಲ. ನನ್ನ ಮಾಲು ಅವನ ಅಂಗಡಿಯಲ್ಲೇಕೆ ಎಂದು ಜರ್ದಾ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದರು.

ನಮ್ಮ ಅತ್ತೆ ಹೊನ್ನವ್ವ ಆಗ ಇನ್ನೂ ಇದ್ದರು. ಡಬ್ಬಿ ತೆರೆದು ನೋಡಿ, ದನದ ಕೊಟ್ಟಿಗೆಗೆ ಹೋಗಿ ಸಗಣಿ ತಂದರು. ಹಾಲುಹಲ್ಲು ಬಿದ್ದ ಮಕ್ಕಳಿಗೆ ಮಾಡುವ ಹಾಗೆ ಒಂದೊಂದು ಹಲ್ಲನ್ನೂ ಸಗಣಿ ಉಂಡೆಯಲ್ಲಿಟ್ಟು, ಅಂಗಳದಲ್ಲಿ ನಿಂತು ಮನೆಯ ಮಣ್ಣಿನ ಮಾಳಿಗೆಯ ಮೇಲೆ ಒಗೆದರು. ಇಪ್ಪತ್ತಾರು ಸಲ ಒಗೆದರು. ಐವತ್ತರ ಮಗನಿಗೆ ಹೊಸ ಹಲ್ಲು ಬರಲಿ ಎಂದು ಬೇಡಿಕೊಂಡ ತಾಯಿ ಇಂಡಿಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಮರುವರ್ಷ ತೀರಿಕೊಂಡರು.

ಸೆಟ್ಟು ಬಂತು. ಅದರ ಉಪಯೋಗ ನನಗೆ ತಿಳಿಯಲು ಎರಡು ದಿನ ಸಾಕಾಯಿತು. ಮಾತಾಡುವಾಗ ಹಾಕಿಕೊಳ್ಳುವುದು, ಉಣ್ಣುವಾಗ ತೆಗೆದಿಡುವುದು. ಹಾಕಿಕೊಂಡು ರೊಟ್ಟಿ ಅಗಿದರೆ ಮೇಲಿನ ಸಾಲು ಕೆಳಗಿಳಿದು ರೊಟ್ಟಿಯ ಜೊತೆ ಹೊರಟುಬಿಡುತ್ತಿತ್ತು. ಅದಕ್ಕೇ ಊಟದ ಹೊತ್ತಿಗೆ ಸೆಟ್ಟು ರೇಡಿಯೋ ಪಕ್ಕದ ನೀರಿನ ಗ್ಲಾಸಿನಲ್ಲಿ, ಇವರು ತಾಟಿನ ಮುಂದೆ. ಹಾಲಲ್ಲಿ ನೆನೆಸಿದ ರೊಟ್ಟಿ, ನುಚ್ಚು, ಬಿಸಿ ರೊಟ್ಟಿಗೆ ಬೆಳ್ಳುಳ್ಳಿ ಎಣ್ಣೆ ಹಾಕಿ ಕುಟ್ಟಿದ ಮುಟಗಿ. ಅಷ್ಟಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಒಂದು ದಿನ ನಾನು ಒಣಗಿಸಿದ ಗರಿಗರಿ ಕಟಕ ರೊಟ್ಟಿ ಮುರಿದು ಶೇಂಗಾ ಹಿಂಡಿ ಚಟ್ನಿ ಹಚ್ಚಿಕೊಂಡು ಕಡಿದೆ. ಇವರು ತಾಟು ನೂಕಿ ಎದ್ದರು.

"ಸುಮಿತ್ರಾ, ಈ ಕಟಕ್ ಅನ್ನೂ ಸಪ್ಪಳ ಇನ್ನ ಈ ಮನ್ಯಾಗ ಕೇಳಬಾರದು. ನನ್ನ ಅಣಕಸಾಕ ತಿಂದಂಗ ಅನಸ್ತೈತಿ."

ಅವತ್ತಿನಿಂದ ನಮ್ಮ ಮನೆಯಲ್ಲಿ ಕಟಕ ರೊಟ್ಟಿ ಬಂದ್. ಜೋಳ ಬೆಳೆಯುವ ನಾಡಿನಲ್ಲಿ, ಜೋಳ ಮಾರುವವರ ಮನೆಯಲ್ಲಿ, ನಾಲ್ಕು ವರ್ಷ ನಾನು ಮೆತ್ತಗಿನ ರೊಟ್ಟಿ ತಿಂದೆ.

ಈಗ ನನ್ನ ಹಲ್ಲಿನ ವಿಷಯ. ಮೇಲಿನ ಸಾಲಿನಲ್ಲಿ, ಎದುರಿನ ಎರಡು ಹಲ್ಲುಗಳ ಪಕ್ಕದ್ದು, ಬಲಗಡೆಯದು. ಹಳೆ ಸೀರೆಗಳ ಕೌದಿ ಹೊಲಿಯುವಾಗ ಇಪ್ಪತ್ತು ವರ್ಷ ಅದರಿಂದಲೇ ದಾರ ಕಡಿದಿದ್ದೆ. ಒಮ್ಮೆ ಶೇಂಗಾದೊಳಗಿನ ಹರಳು ಸಿಕ್ಕು ಅರ್ಧ ಮುರಿಯಿತು, ಆಮೇಲೆ ಕಪ್ಪಾಯಿತು. ಎಪ್ಪತ್ತೆಂಟರ ಚಳಿಗಾಲಕ್ಕೆ ಅದರ ಮೇಲಿನ ಒಸಡಿನಲ್ಲಿ ಕುರು ಎದ್ದು ಕೀವು ಇಳಿಯತೊಡಗಿತು. ನೋವು ಕಣ್ಣಿನವರೆಗೆ ಏರುತ್ತಿತ್ತು. ಇವರಿಗೆ ಹೇಳಿದೆ. ಇವರ ಮುಖ ಅರಳಿದ್ದು ನೋಡಿದರೆ ನಾನು ಬಸಿರೆಂದು ಹೇಳಿದೆನೇನೋ ಅನ್ನಬೇಕು.

"ಛಲೋನ ಆತು ಬಿಡು!" ಅಂದರು. "ಒಂದು ಹೋದ ಮ್ಯಾಲ ಉಳಿದವು ಯಾಕ? ಎಲ್ಲಾ ಕೀಳಿಸಿಬಿಡು. ನಿನಗೂ ಒಂದು ಸೆಟ್ಟು ಮಾಡಸ್ತೇನಿ. ಇಂಡ್ಯಾಗ ಗಂಡಗೂ ಹೆಂಡತಿಗೂ ಸೆಟ್ಟು ಇದ್ದ ಮನಿ ಒಂದರ ಐತೇನು? ನಮ್ದ ಮೊದಲನೇದು ಆಗ್ತೈತಿ."

"ಉಳಿದವು ನೋಯಾಕತ್ತಿಲ್ಲಲ್ರಿ" ಅಂದೆ.

"ನನ್ನವು ನೊಂದಿದ್ದುವೇನು?" ಅಂದರು.

ಹದಿನೈದು ದಿನ ಬಿಟ್ಟು ಬರುವ ಗುರುವಾರ ಬಾಬುಲಾಲನ ಹತ್ತಿರ ಹೋಗಿ ಮೇಲಿನ ಸಾಲು ಮುಗಿಸಿಕೊಂಡು ಬಾ, ಸಂಘದ ಬೆಳ್ಳಿಹಬ್ಬ ಆದಮೇಲೆ ಕೆಳಗಿನದು ಎಂದು ಅಪ್ಪಣೆಯಾಯಿತು. ಪೇಟೆಯಲ್ಲೆಲ್ಲ ಹೇಳಿಯೂ ಬಂದರು. ನನಗೆ ಸಿಟ್ಟು ನೆತ್ತಿಗೇರಿತು. ತವರು ಮುದ್ದೇಬಿಹಾಳದಿಂದ ನಾನು ತಂದ ಚಿನ್ನದ ಪಾಟ್ಲಿ ಬಳೆಗಳು ಅಂಗಡಿಯ ಬಂಡವಾಳಕ್ಕೆ ಹೋದವು. ತಂದ ಹಸು ಮುದಿಯಾಗಿ ಸತ್ತಿತು. ಮದುವೆಯಲ್ಲಿ ಹೆಸರನ್ನೂ ಬದಲಿಸಿದ್ದರು, ತವರಲ್ಲಿ ನಾನು ಗುರವ್ವ. ತವರಿನದು ಅಂತ ನನ್ನ ಹತ್ತಿರ ಉಳಿದದ್ದು ಬಾಯಲ್ಲಿದ್ದ ಹಲ್ಲು. ಅವನ್ನು ಕೊಡಲಾರೆ ಎಂದು ಅಂದೇ ತೀರ್ಮಾನಿಸಿದೆ. ಮುರಿದ ಆ ಒಂದನ್ನೂ ಕೊಡಲಾರೆ. ಅದು ಹೋದರೆ ಉಳಿದವನ್ನು ಹಿಡಿದು ನಿಲ್ಲಿಸಲು ನನ್ನಲ್ಲಿ ಮಾತೇ ಇರುವುದಿಲ್ಲ ಎಂದು ಗೊತ್ತಿತ್ತು.

ಪಕ್ಕದ ಓಣಿಯ ಮಾಬುಬಿ ನನ್ನ ಜೀವದ ಗೆಳತಿ. ಹೊಲಿಗೆ ಯಂತ್ರ ಇಟ್ಟುಕೊಂಡು ಇಡೀ ಪೇಟೆಯ ಹೆಂಗಸರ ಕುಬುಸ ಹೊಲಿಯುವವಳು. ಅವಳಿಗೆ ಹೇಳಿದೆ.

"ಮೋಟಾರ ಸ್ಟ್ಯಾಂಡ್ ಬಾಜೂಕ ಒಬ್ಬ ಡಾಕ್ಟರ್ ಬಂದಾನಲ್ಲಕ್ಕಾ" ಅಂದಳು. "ಆದರ ಅವಗ ಕೀಳಾಕ ಬರಂಗಿಲ್ಲಂತ."

"ಹಂಗಾದ್ರ ಅವನ ಬೇಕು. ನಡಿ" ಅಂದೆ.

ಹೂವಿನ ಹಿಪ್ಪರಗಿಯ ಹುಡುಗ ಚಂದ್ರಾಮ ಬೆಂಗಳೂರಲ್ಲಿ ಹಲ್ಲಿನ ವಿದ್ಯೆ ಓದಿ ಬಂದು ದವಾಖಾನೆ ತೆರೆದು ಎಂಟು ತಿಂಗಳಾಗಿತ್ತು. ಬಾಗಿಲಿಗೆ 'ಇಲ್ಲಿ ಹಲ್ಲು ಉಳಿಸಿಕೊಡಲಾಗುತ್ತದೆ' ಎಂದು ಫಲಕ. ಊರವರು ಆ ಫಲಕ ಓದಿ, ಕೀಳಲು ಬಾರದವನು ಬೇರೇನು ಬರೆಸುತ್ತಾನೆ ಎಂದು ನಕ್ಕು ಝಳಕಿಯ ಬಸ್ಸು ಹತ್ತುತ್ತಿದ್ದರು. ನಾವು ಹೋದಾಗ ಒಬ್ಬನೇ ಕೂತು ಪೇಪರು ಓದುತ್ತಿದ್ದ. ಬೆಲ್ಲದ ಅಂಗಡಿಯವನು ಗಿರಾಕಿ ಕಂಡಂತೆ ಎದ್ದು ನಿಂತ.

ಕನ್ನಡಿ ಹಾಕಿ ನೋಡಿದ. ಹಲ್ಲನ್ನು ಮೆಲ್ಲಗೆ ತಟ್ಟಿದ. ಬಿಜಾಪುರಕ್ಕೆ ಹೋಗಿ ಹಲ್ಲಿನ ಫೋಟೋ ತೆಗೆಸಿಕೊಂಡು ಬರಬೇಕೆಂದ. ಬೆಳ್ಳಿಹಬ್ಬಕ್ಕೆ ಸೀರೆ ತರುವ ನೆಪದಲ್ಲಿ ಹೋಗಿಬಂದೆ. ಅಂಚೆಚೀಟಿಗಿಂತ ತುಸು ದೊಡ್ಡದೊಂದು ಕಪ್ಪು ಫಿಲ್ಮು. ಕಿಟಕಿಯ ಬೆಳಕಿಗೆ ಹಿಡಿದು ಡಾಕ್ಟರು ನನಗೂ ತೋರಿಸಿದ. ಕೆಳಗೆ ಮುರುಕು ಹಲ್ಲು, ಅದಕ್ಕೆ ಎರಡರಷ್ಟು ಉದ್ದದ ಬೇರು ಬೆಳ್ಳಗೆ, ನೆಟ್ಟಗೆ. ಬೇರಿನ ತುದಿಯಲ್ಲಿ ಮಾತ್ರ ಕಪ್ಪು ಚುಕ್ಕೆ. ಮೂವತ್ತು ವರ್ಷಕ್ಕೂ ಮೇಲೆ ನನ್ನ ಬಾಯಲ್ಲಿದ್ದದ್ದನ್ನು ನಾನು ಮೊದಲ ಸಲ ನೋಡಿದೆ. ನನ್ನೊಳಗೆ ಇಷ್ಟು ಗಟ್ಟಿಯಾದದ್ದೊಂದು ನಿಂತಿದೆ ಎಂದು ಕಂಡು, ಕೆಲಸ ಮುಗಿದ ಮೇಲೆ ಈ ಫಿಲ್ಮು ನನಗೇ ಬೇಕೆಂದು ಹೇಳಿಬಿಟ್ಟೆ.

"ಹಲ್ಲು ಮುರದೈತಿ, ಬೇರು ಮುರದಿಲ್ರಿ ಅಕ್ಕಾರ" ಅಂದ. "ಬೇರಿನ ನಡುವ ಸಣ್ಣ ನಳಿಗಿ ಇರ್ತೈತಿ. ಅದರಾಗಿನ ನರ ಸತ್ತು ಕೊಳತೈತಿ. ಸೂಜೀಲೆ ತಗದು ತೊಳದು ತುಂಬತೇನಿ. ಅಷ್ಟಕ್ಕೂ ಕೀವು ನಿಲ್ಲಲಿಲ್ಲಂದ್ರ, ಮ್ಯಾಲಿಂದ ಒಸಡು ಒಂಚೂರು ಸರಿಸಿ, ಜೋಳದ ಕಾಳಿನಷ್ಟು ಕಿಂಡಿ ಮಾಡಿ, ಬೇರಿನ ತುದಿ ಅಷ್ಟ ಕೆರದು ತಗೀತೇನಿ. ಬಾಕಿ ಏನೂ ಮುಟ್ಟಂಗಿಲ್ಲ."

"ಅಂದ್ರ ಕೀಳೂದಿಲ್ಲೇನ್ರಿ?" ಎಂದಳು ಮಾಬುಬಿ.

"ಇಲ್ಲವ್ವಾ."

"ಕಿತ್ತದ್ದು ಒಂದರ ತೋರಸ್ರಿ ಮತ್ತ. ಬಾಬುಲಾಲನ ಕಡೆ ಭರಣಿ ಐತಿ."

ಹುಡುಗ ಕುರ್ಚಿಯಲ್ಲಿ ಕುಸಿದ. ಈ ಪ್ರಶ್ನೆ ಅವನನ್ನು ಎಂಟು ತಿಂಗಳಿಂದ ಹುರಿದು ತಿಂದಿತ್ತೆಂದು ಕಾಣುತ್ತದೆ. "ನಾ ಉಳಿಸಿದ ಹಲ್ಲು ಮಂದಿ ಬಾಯಾಗ ತಿರಗ್ಯಾಡ್ತಾವ್ರಿ. ಅವನ್ನ ಭರಣ್ಯಾಗ ಹೆಂಗ ತೋರಸ್ಲಿ?" ಅಂದ. ನಮ್ಮದು ವ್ಯಾಪಾರದ ಊರು. ಕೈಗೆ ಮಾಲು ಬಾರದ ವ್ಯವಹಾರ ಇಲ್ಲಿ ಯಾರಿಗೂ ವ್ಯವಹಾರ ಅನಿಸುವುದಿಲ್ಲ. ಕಿತ್ತ ಹಲ್ಲನ್ನು ಹಿಡಿದು ನೋಡಬಹುದು, ತಿರುಗಿಸಿ ತೋರಿಸಬಹುದು. ಉಳಿದ ಹಲ್ಲನ್ನು ಯಾರಿಗೆ ತೋರಿಸುವುದು?

ಎರಡು ಸಲ ಹೋಗಿ ಸೂಜಿಯಿಂದ ತೊಳೆಸಿಕೊಂಡೆ. ನೋವು ಇಳಿಯಿತು, ಕುರು ಇಳಿಯಲಿಲ್ಲ. ಕಿಂಡಿ ಮಾಡುವುದೇ ಆಯಿತು. ಅದಕ್ಕೂ ಆ ಗುರುವಾರವೇ ಬಂತು. ಮನೆಯಲ್ಲಿ ಝಳಕಿಗೆಂದು ಹೇಳಿ ಮಾಬುಬಿಯ ಜೊತೆ ಹೊರಟು, ಮೋಟಾರ ಸ್ಟ್ಯಾಂಡಿನವರೆಗೆ ಹೋಗಿ ಬಸ್ಸು ಬಿಟ್ಟು ದವಾಖಾನೆ ಹೊಕ್ಕೆವು.

ಡಾಕ್ಟರು ಕೈ ತೊಳೆದು, ಒಸಡಿಗೆ ಸೂಜಿ ಚುಚ್ಚಿ, ತುಟಿ ನನ್ನದೋ ಪಕ್ಕದ ಮನೆಯವರದೋ ತಿಳಿಯದಂತೆ ಮಾಡಿದ. ಆಗ ಕರೆಂಟು ಹೋಯಿತು. ಅವನು ಮೂಲೆಯಿಂದ ಹಳೆಯ ಯಂತ್ರವೊಂದನ್ನು ಎಳೆದ. ಕೆಳಗೆ ಕಾಲಿನ ಪೆಡಲು, ದೊಡ್ಡ ಗಾಲಿ, ಮೇಲೆ ದಾರದ ಪಟ್ಟಿ, ತುದಿಯಲ್ಲಿ ತಿರುಗುವ ಸಣ್ಣ ಮೊನೆ. ತುಳಿಯಬೇಕಾದ ಕಂಪೌಂಡರ್ ಸಂಬಳ ಬಾರದ್ದಕ್ಕೆ ಹಿಂದಿನ ತಿಂಗಳೇ ಬಿಟ್ಟುಹೋಗಿದ್ದ. ಮೊನೆ ಹಿಡಿದವನು ತಾನೇ ತುಳಿದರೆ ಕೈ ಅಲುಗುತ್ತದೆಂದು ಡಾಕ್ಟರು ಒದ್ದಾಡುವಾಗ ಮಾಬುಬಿ ಎದ್ದಳು.

"ಸರೀರಿ, ನನ್ನ ಮಷೀನಿನ ತಂಗಿ ಇದ್ದಂಗ ಐತಿ ಇದು. ನಾ ತುಳೀತೇನಿ. ಕುಬುಸದ ತೋಳು ಹೊಲ್ಯೂ ಹಂಗ ತುಳೀಲೋ, ಕೊರಳು ಹೊಲ್ಯೂ ಹಂಗ ತುಳೀಲೋ ಅಷ್ಟು ಹೇಳ್ರಿ."

"ಯಾವುದು ಸಾವಕಾಶ?"

"ಕೊರಳು."

"ಹಂಗಾದ್ರ ಕೊರಳು" ಅಂದ ಡಾಕ್ಟರು.

ಬಾಯಿ ತೆರೆದು ಮಲಗಿದ್ದ ನಾನು ನಗು ತಡೆಯಲು ಪಟ್ಟ ಕಷ್ಟದ ಮುಂದೆ ಉಳಿದದ್ದು ಏನೂ ಅಲ್ಲ. ಯಂತ್ರ ಟಕಟಕ ತಿರುಗಿತು. ಇಪ್ಪತ್ತು ವರ್ಷದಿಂದ ಕೇಳಿದ ಸಪ್ಪಳವೇ ಅದು, ಮಾಬುಬಿಯ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದೇನೆ ಅಂದುಕೊಂಡು ಕಣ್ಣು ಮುಚ್ಚಿದೆ. ಒಮ್ಮೆ ತಡೆ ಅಂದ, ಅವಳು ತಡೆದಳು. ಒಮ್ಮೆ ಇನ್ನೂ ಸಾವಕಾಶ ಅಂದ, ಗುಂಡಿ ಕಾಜಾ ಹೊಲಿಯುವಷ್ಟು ನಿಧಾನ ಮಾಡಿದಳು. ಕೊನೆಗೆ ಅವನು ಚಿಮಟಿಗೆಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಚೂರೊಂದನ್ನು ಹಿಡಿದು ತೋರಿಸಿದ. ಅಷ್ಟೇ ತೆಗೆದದ್ದು. ಒಸಡನ್ನು ಮತ್ತೆ ಕೂರಿಸಿ ಎರಡು ಹೊಲಿಗೆ ಹಾಕಿದ. ಮಾಬುಬಿ ಬಗ್ಗಿ ನೋಡಿ, "ಟಾಕಿ ಸ್ವಲ್ಪ ದೂರ ದೂರ ಬಿದ್ದಾವ್ರಿ, ನನ್ನ ಕೈಯಾಗ ಕೊಟ್ಟಿದ್ರ..." ಎನ್ನುತ್ತಿದ್ದವಳು ಡಾಕ್ಟರನ ಮುಖ ನೋಡಿ ನಿಲ್ಲಿಸಿದಳು. ಮುರುಕಿನ ಜಾಗಕ್ಕೆ ವಾರದ ಮೇಲೆ ಬಿಳಿ ಸಿಮೆಂಟು ಕಟ್ಟುತ್ತೇನೆ, ತಿಂಗಳು ಕಾಲ ಗಟ್ಟಿಯದನ್ನು ಎಡಗಡೆ ಮಾತ್ರ ಅಗಿಯಬೇಕು ಎಂದ.

ಮನೆಗೆ ಬಂದಾಗ ಮುಖ ಬದನೆಕಾಯಿಯಷ್ಟು ಊದಿತ್ತು, ಬಾಯಲ್ಲಿ ಅರಳೆ ತುರುಕಿತ್ತು. ಇವರು ಅಂಗಡಿಯಿಂದ ಬಂದು ನೋಡಿ ಹಿಗ್ಗಿದರು.

"ಆತೇನು? ಎಷ್ಟು ಆತು?"

ಮಾತು ಬರುತ್ತಿರಲಿಲ್ಲ. ಒಂದು ಹಲ್ಲಿನದು ಎಂದು ಒಂದು ಬೆರಳು ತೋರಿಸಿದೆ.

"ಒಂದು ಸಾಲು! ಶಾಭಾಸ್!" ಎಂದು ಅಡುಗೆಮನೆಗೆ ಹೋಗಿ, ಮದುವೆಯಾದ ಮೇಲೆ ಮೊದಲ ಸಲ ನನಗಾಗಿ ಹಾಲು ಕಾಸಿಕೊಂಡು ಬಂದರು. ಬಾದಾಮಿ ಅರೆದು ಹಾಕಿದ್ದರು. ಅದನ್ನು ಕುಡಿಯುವಾಗ ನನಗೆ ತುಸು ಪಾಪ ಅನಿಸಿತು ನಿಜ. ಆದರೆ ಹೇಳಿಬಿಡಬೇಕು ಅನಿಸಲಿಲ್ಲ.

ಮೂರು ವಾರ ಒಂದೇ ಮನೆಯಲ್ಲಿದ್ದು ಅವರಿಗೆ ತಿಳಿಯಲಿಲ್ಲವೇ ಎಂದು ಕೇಳುತ್ತೀರಿ. ಹೇಗೆ ತಿಳಿಯಬೇಕು? ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರು ನನ್ನ ಬಾಯಿ ನೋಡಿದ್ದು ಎಷ್ಟು ಸಲವೋ ನೆನಪಿಲ್ಲ, ಬಾಯಿ ಮುಚ್ಚು ಅಂದದ್ದಕ್ಕೆ ಲೆಕ್ಕವಿಲ್ಲ. ನಾನು ಸೆರಗು ಅಡ್ಡ ಹಿಡಿದು ಎರಡು ಮಾತಲ್ಲಿ ಮುಗಿಸುತ್ತಿದ್ದೆ. ಸೆಟ್ಟು ಬರುವ ಮೊದಲೇ ಇವಳಿಗೆ ಎಷ್ಟು ಮರ್ಯಾದೆ ಬಂತು ನೋಡು ಎಂದು ಅವರು ಸ್ನೇಹಿತರ ಮುಂದೆ ಕೊಚ್ಚಿಕೊಂಡರಂತೆ.

ಬೆಳ್ಳಿಹಬ್ಬ ಸೋಮವಾರ ಬಂತು. ಜಿಲ್ಲೆಯ ದೊಡ್ಡ ಸಾಹೇಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಅದಕ್ಕೇ ಎಂದೂ ಇಲ್ಲದ್ದು, ವರ್ತಕರ ಹೆಂಡಂದಿರಿಗೂ ಎದುರಿನ ಸಾಲಿನಲ್ಲೇ ಪಂಕ್ತಿ. ಊಟಕ್ಕೆ ಮೊದಲು ಫೋಟೋ. "ನಿನ್ನ ಸೆಟ್ಟು ಇನ್ನ ಬಂದಿಲ್ಲ, ಬಾಯಿ ಬಿಗಿ ಹಿಡಿ" ಎಂದು ಇವರು ಕಿವಿಯಲ್ಲಿ ಹೇಳಿದರು. ನಾನು ಹಿಡಿದೆ. ಮುಂದಿನ ಸಾಲಿನಲ್ಲಿ ಸೆಟ್ಟಿನ ಐದು ಜನ ಊರವರು, ಜೊತೆಗೆ ಬಸಂತರಾಯರು, ಒಟ್ಟಿಗೆ ನಕ್ಕರು. ಎಲ್ಲವೂ ಸೊಲ್ಲಾಪುರದ ಒಬ್ಬನೇ ಮಾಡಿದ ಸೆಟ್ಟು. ಆ ಫೋಟೋ ಇವತ್ತೂ ಸಂಘದ ಗೋಡೆಗಿದೆ. ಹೊಸಬರು ನೋಡಿದರೆ ಆರು ಜನ ಅಣ್ಣತಮ್ಮಂದಿರೇ ಎಂದು ಕೇಳುತ್ತಾರೆ.

ತಾಟು ಬಿದ್ದವು. ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಕೆನೆಮೊಸರು, ಮತ್ತು ಸಾಹೇಬರು ಕೇಳಿ ಮಾಡಿಸಿದ ಕಟಕ ರೊಟ್ಟಿ. ಆರು ಜನರ ನಗು ಒಟ್ಟಿಗೆ ಇಳಿಯಿತು. ಸಾಹೇಬರ ಪಕ್ಕ ಕೂತು ಸೆಟ್ಟು ತೆಗೆದಿಡುವ ಹಾಗಿಲ್ಲ. ಹಾಕಿಕೊಂಡು ಕಡಿಯುವ ಹಾಗಿಲ್ಲ.

"ಸೋಮವಾರ ನಂದು ಒಪ್ಪತ್ತರಿ ಸಾಹೇಬ್ರ" ಅಂದರು ಬಸಂತರಾಯರು. ಹಗಲು ಉಣ್ಣದೆ ರಾತ್ರಿ ಒಂದೇ ಹೊತ್ತು ಉಣ್ಣುವ ವ್ರತ ಅದು.

"ನಂದೂ ಒಪ್ಪತ್ತರಿ" ಅಂದರು ನಮ್ಮವರು. ಅವತ್ತು ಬೆಳಿಗ್ಗೆ ಎರಡು ಬಟ್ಟಲು ಉಪ್ಪಿಟ್ಟು ತಿಂದು ಹೊರಟವರು. ನೋಡನೋಡುತ್ತ ಆರೂ ಜನ ಶಿವಭಕ್ತರಾದರು. ಇಂಡಿಯ ವರ್ತಕರ ನಿಷ್ಠೆ ದೊಡ್ಡದು ಎಂದು ಸಾಹೇಬರು ಕೈಮುಗಿದರು.

ನನ್ನ ಮುಂದಿನ ತಾಟಿನಲ್ಲೂ ರೊಟ್ಟಿ ಇತ್ತು. ತೆಳ್ಳಗೆ, ಕಾಗದದಂತೆ, ಎಳ್ಳು ಹಚ್ಚಿದ್ದು. ನಾಲ್ಕು ವರ್ಷ. ನಾನು ಯಾರನ್ನೂ ಸೋಲಿಸಬೇಕೆಂದು ಕಡಿಯಲಿಲ್ಲ, ದೇವರಾಣೆ. ಕೈ ತಾನಾಗಿ ಮುರಿಯಿತು, ಎಡಗಡೆಯ ಹಲ್ಲು ತಾನಾಗಿ ಕಡಿಯಿತು. ಆರು ಜನರು ವ್ರತ ಹಿಡಿದು ಕೂತಿದ್ದರಿಂದ ಪಂಕ್ತಿ ಸುಮ್ಮನಿತ್ತು. ಕಟಕ್ ಎಂದದ್ದು ಬಾಗಿಲಿನವರೆಗೆ ಕೇಳಿಸಿತು.

ಇವರು ತಲೆ ಎತ್ತಿದರು. ನನ್ನ ಬಾಯಿ ನೋಡಿದರು. ಮೇಲಿನ ಸಾಲು ಪೂರ್ತಿ ಅಲ್ಲೇ ಇತ್ತು.

"ವೈನೀ!" ಎಂದು ಬಸಂತರಾಯರು ಕೂತಲ್ಲೇ ಅರ್ಧ ಎದ್ದರು. "ನಿಮ್ಮ ಮ್ಯಾಲಿನ ಸಾಲು ಕೀಳಿಸ್ಯಾರಂತ ಶ್ರೀಶೈಲಪ್ಪ ಹೇಳಿದ್ನಲ್ರಿ?"

ಇವರ ಮುಖದಲ್ಲಿ ರಕ್ತವಿರಲಿಲ್ಲ. ಹೆಂಡತಿ ಮೋಸ ಮಾಡಿದಳು ಎಂದು ಹೇಳಲಾರರು, ತಾವು ಮೂರು ವಾರ ನೋಡಲೇ ಇಲ್ಲ ಎಂದೂ ಹೇಳಲಾರರು. ಆದರೆ ವ್ಯಾಪಾರಿ ವ್ಯಾಪಾರಿಯೇ. ಎದೆ ಮುಂದೆ ಮಾಡಿದರು.

"ಸೆಟ್ಟು ಅದು. ಹೊಸಾ ನಮೂನಿ ಸೆಟ್ಟು. ಮೊನ್ನೆರ ಬಂದೈತಿ. ನಿಮಗೆಲ್ಲಾ ಒಮ್ಮಿಗೇ ತೋರಸೋಣಂತ ಸುಮ್ಮಕಿದ್ದೆ."

"ಸೆಟ್ಟಿನಾಗ ಕಟಕ ರೊಟ್ಟಿ?" ಬಸಂತರಾಯರು ಮುಂದೆ ಬಗ್ಗಿದರು. "ವೈನೀ, ಇನ್ನೊಮ್ಮೆ ಕಡದು ತೋರಸ್ರಿ."

ಕಡಿದು ತೋರಿಸಿದೆ. ಸಾಹೇಬರ ಹೆಂಡತಿ ಚಪ್ಪಾಳೆ ತಟ್ಟಿದರು. ಒಬ್ಬರು ಬಣ್ಣ ನೋಡಿ, ಸ್ವಲ್ಪ ಹಳದಿ ಬಿಟ್ಟಿದ್ದಾರೆ, ಬಹಳ ಸಹಜ ಕಾಣುತ್ತದೆ ಅಂದರು. ಇನ್ನೊಬ್ಬರು ಒಂದೆರಡು ಸೊಟ್ಟ ಕೂರಿಸಿದ್ದು ಕಲೆಗಾರಿಕೆ ಅಂದರು. ನನ್ನ ಹಲ್ಲುಗಳನ್ನು ಹುಟ್ಟಿದಾರಭ್ಯ ಯಾರೂ ಅಷ್ಟು ಹೊಗಳಿರಲಿಲ್ಲ. ಎಲ್ಲಿ ಮಾಡಿಸಿದಿರಿ, ಯಾರ ಹತ್ತಿರ ಎಂದು ಉಳಿದ ಐದೂ ಜನ ಒಟ್ಟಿಗೆ ಕೇಳಿದರು.

ಇವರು ನನ್ನ ಕಡೆ ನೋಡಿದರು. ಅಂಗಡಿಗೆ ಪಾಟ್ಲಿ ಕೇಳಿದ ದಿನ ನೋಡಿದ ಹಾಗೆ. ನಿಜ ಹೇಳಿ ಅವರನ್ನು ಅಲ್ಲೇ ಮಣ್ಣು ಮಾಡಬಹುದಿತ್ತು. ಸಿಟ್ಟೂ ಇತ್ತು. ಆದರೆ ಆ ಮುಖ ನೋಡಿ ಆಗಲಿಲ್ಲ.

"ನಮ್ಮೂರಾಗ ಐತ್ರಿ" ಅಂದೆ. "ಮೋಟಾರ ಸ್ಟ್ಯಾಂಡ್ ಬಾಜೂಕ, ಚಂದ್ರಾಮ ಡಾಕ್ಟರ್. ಮಾಡಿಕೊಡ್ತಾನ. ಆದರ ಒಂದು ಶರ್ತ ಐತ್ರಿ. ಈ ಸೆಟ್ಟು ಕುಂಡ್ರಬೇಕಂದ್ರ ಬಾಯಾಗ ಸ್ವಂತ ಹಲ್ಲು ಇರಬೇಕು. ಮುರದಿದ್ರೂ ನಡೀತೈತಿ, ಕಿತ್ತಿದ್ರ ನಡ್ಯಂಗಿಲ್ಲ."

ಆರು ಜನ ಬಾಯಿ ಮುಚ್ಚಿದರು. ಅವರಲ್ಲಿ ಒಬ್ಬರ ಸೆಟ್ಟು ಮುಚ್ಚುವಾಗ ಟಕ್ಕೆಂದದ್ದು ಕೇಳಿಸಿತು.

ಮರುದಿನ ಬೆಳಿಗ್ಗೆ ಡಾಕ್ಟರನ ಬಾಗಿಲಲ್ಲಿ ಹದಿನಾಲ್ಕು ಜನ ನಿಂತಿದ್ದರಂತೆ, ಎಲ್ಲರಿಗೂ ಸುಮಿತ್ರಾಬಾಯಿಯವರ ಸೆಟ್ಟು ಬೇಕು. ಹುಡುಗ ಸಂಜೆ ಓಡಿ ಬಂದ. "ಅಕ್ಕಾರ, ಇದು ಸುಳ್ಳು ಹೇಳಿದಂಗ ಆತಲ್ರಿ" ಅಂದ. "ಎಂಟು ತಿಂಗಳು ಖರೇ ಹೇಳಿ ಎಷ್ಟು ಹಲ್ಲು ಉಳಿಸಿದಿ?" ಎಂದು ಕೇಳಿದೆ. ಬೆರಳು ಮಡಚಿ ಎಣಿಸಿದ, ಒಂದು ಕೈ ಸಾಕಾಯಿತು. ವಾರದಲ್ಲಿ ಫಲಕ ಬದಲಾಯಿತು. 'ಸ್ವಂತ ಬೇರಿನ ಮೇಲೆ ಸೆಟ್ಟು ಕೂರಿಸಲಾಗುತ್ತದೆ.' ಬಸವನ ಬಾಗೇವಾಡಿಯಿಂದ, ಸಿಂದಗಿಯಿಂದ ಜನ ಬರತೊಡಗಿದರು. ಪೆಡಲು ತುಳಿಯಲು ಮಾಬುಬಿಗೆ ವಾರಕ್ಕೆ ಮೂರು ದಿನದ ಕೆಲಸ ಸಿಕ್ಕಿತು.

ಇದು ಪೇಟೆಯ ಮಾತಾಯಿತು. ಮನೆಯದು ಬೇರೆ.

ಬೆಳ್ಳಿಹಬ್ಬದಿಂದ ಮನೆಗೆ ಬಂದು ಇವರು ಕೂಗಾಡುತ್ತಾರೆಂದು ಕಾದಿದ್ದೆ. ಉತ್ತರಗಳನ್ನು ಕೂಡಿಸಿಟ್ಟುಕೊಂಡಿದ್ದೆ. ಇವರು ಸೆಟ್ಟು ತೆಗೆದು ಗ್ಲಾಸಿನಲ್ಲಿ ಹಾಕಿದರು. ಆಮೇಲೆ, ಕಿತ್ತಿಲ್ಲವೆಂದರೆ ಅವನು ಮಾಡಿದ್ದಾದರೂ ಏನು ಎಂದು ಕೇಳಿದರು. ಕುಂಕುಮದ ಕರಡಿಗೆಯಿಂದ ಆ ಫಿಲ್ಮು ತೆಗೆದು ಕೊಟ್ಟೆ. ಕೈಗೆ ಕೊಡುವ ಮಾಲು ಅದೊಂದೇ ಇತ್ತು. ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದು ನೋಡಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇಷ್ಟುದ್ದ ಇರ್ತೈತೇನು ಬೇರು?" ಅಂದರು.

"ಹೌದ್ರಿ."

"ನನ್ನವೂ ಹಿಂಗ ಇದ್ದುವೇನು?"

ಹೌದು, ನಿಮ್ಮವು ಇನ್ನೂ ಗಟ್ಟಿ ಇದ್ದವು ಅನ್ನಬೇಕಿತ್ತು. ಫಿಲ್ಮನ್ನು ಇಸಿದುಕೊಂಡು ಕರಡಿಗೆಯಲ್ಲಿಟ್ಟೆ.

ಮೆಣಸಿನಕಾಯಿ ಒಣಗಿವೆಯೋ ನೋಡಿ ಬರುತ್ತೇನೆಂದು ನಿಚ್ಚಣಿಕೆ ಇಟ್ಟು ಮಾಳಿಗೆ ಹತ್ತಿದರು. ನಾವು ಆ ವರ್ಷ ಮೆಣಸಿನಕಾಯಿ ಒಣಹಾಕಿರಲಿಲ್ಲ. ಅವರ ಹೆಜ್ಜೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವುದು, ನಿಲ್ಲುವುದು, ಮತ್ತೆ ಹೋಗುವುದು ಕೆಳಗೆ ನನಗೆ ಕೇಳುತ್ತಿತ್ತು. ಅತ್ತೆ ಆ ಹಲ್ಲುಗಳನ್ನು ಒಗೆದ ಮೇಲೆ ನಾಲ್ಕು ಮಳೆಗಾಲ ಕಳೆದಿದ್ದವು, ಪ್ರತಿ ವರ್ಷ ಮಾಳಿಗೆಗೆ ಹೊಸ ಮಣ್ಣು ಹಾಕಿಸಿದವರು ಇವರೇ. ಕತ್ತಲಾಗುವ ಹೊತ್ತಿಗೆ ಇಳಿದು ಬಂದರು. ಎರಡೂ ಅಂಗೈಗೆ ಮಣ್ಣು ಹತ್ತಿತ್ತು. ನಾನು ಕೈಗೆ ನೀರು ಹಾಕಿದೆ.

ಊಟಕ್ಕೆ ಅವರಿಗೆ ಮುಟಗಿ ಕುಟ್ಟಿ ಬಡಿಸಿದೆ. ನನ್ನ ತಾಟಿನಲ್ಲಿ ಸಂಘದ ಅಡುಗೆಯವರು ಕಟ್ಟಿಕೊಟ್ಟ ಕಟಕ ರೊಟ್ಟಿ ಇತ್ತು. ಹಾಲಲ್ಲಿ ನೆನೆಸೋಣವೆಂದು ಬಟ್ಟಲು ತೆಗೆದೆ. ಇವತ್ತಿನ ಮಟ್ಟಿಗೆ ಸಪ್ಪಳ ಬೇಡ ಅಂದುಕೊಂಡೆ.

"ನೆನಸಬ್ಯಾಡ" ಅಂದರು.

ನಾನು ಅವರ ಮುಖ ನೋಡಿದೆ. ಅವರು ತಾಟು ನೋಡುತ್ತಿದ್ದರು. ಒಂದು ಚೂರು ಮುರಿದು, ಎಡಗಡೆ ಇಟ್ಟು, ಆದಷ್ಟು ಮೆಲ್ಲಗೆ ಕಡಿದೆ. ಆದರೂ ಕಟಕ್ ಅಂತು. ಇವರು ಅಗಿಯುವುದನ್ನು ನಿಲ್ಲಿಸಿ ಕೇಳಿದರು. ಬೋಳು ದವಡೆ ತುಸು ಅಲುಗಿತು.

"ಗುರವ್ವಾ" ಅಂದರು. ಇಪ್ಪತ್ತೆರಡು ವರ್ಷದಲ್ಲಿ ಆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಇನ್ನೊಮ್ಮೆ ಕಡಿ."